ರಂಗಮ್ಮನ ಸಂಡಿಗೆ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮನೆಯ ಮುಂದೆ ಸಂಡಿಗೆ ಒಣಗುತ್ತಿದ್ದರೂ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಳ್ಳದೆ ಮುಂದೆ ಹೋಗಲಾರೆ. ಕೇಳಿ ತಿನ್ನುವುದು ಸಂಡಿಗೆಗೇ ಅವಮಾನ ಎಂದು ನಂಬಿದವಳು ನಾನು. ಕರಿದ ಸಂಡಿಗೆ ಯಾರಿಗಾದರೂ ರುಚಿಸುತ್ತದೆ. ಆದರೆ ಮೇಲೆ ಒಣಗಿ, ಒಳಗಿನ್ನೂ ಮೆತ್ತಗಿದ್ದು, ಹಲ್ಲಿಗೆ ಅಂಟುವಂಥದ್ದು ಇದೆಯಲ್ಲ, ಅದರ ಮರ್ಮ ಬಲ್ಲವರೇ ಬೇರೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು, ನಾವು ಬೀರೂರಿನ ಕ್ವಾರ್ಟರ್ಸಿನಲ್ಲಿದ್ದೆವು. ರೈಲಿನ ಪಾಸು ಕೈಯಲ್ಲಿದ್ದ ಮೇಲೆ ಕೇಳಬೇಕೆ? ಕಡೂರಿನ ಚಿಕ್ಕಮ್ಮನ ಮನೆಯಿಂದ ಅಜ್ಜಂಪುರದ ಅಕ್ಕನ ಮನೆಯವರೆಗೆ ಯಾವ ಬೀದಿಯ ಸಂಡಿಗೆಯೂ ನನ್ನಿಂದ ತಪ್ಪಿಸಿಕೊಂಡಿರಲಿಲ್ಲ.

ಇನ್ನೊಂದು ಒಳ್ಳೆಯ ಅಭ್ಯಾಸವೂ ಇತ್ತು, ಅಥವಾ ಒಳ್ಳೆಯದೆಂದು ನಾನು ತಿಳಿದಿದ್ದೆ. ಬಸವ ಜಯಂತಿಯ ಮಧ್ಯಾಹ್ನ ಹಿತ್ತಲಲ್ಲಿ ಎಲೆ ಹಾಕಿ, ಬಂದ ಬಡವರಿಗೆಲ್ಲ ಬಡಿಸುತ್ತಿದ್ದೆ. ಬಡಿಸುವುದರಲ್ಲಿ ನನ್ನದು ದೊಡ್ಡ ಕೈ. ಬೇಡ ಎಂದು ಎಲೆಗೆ ಅಡ್ಡ ಕೈ ಹಿಡಿದರೆ ಆ ಕೈಯ ಮೇಲೇ ಚಿತ್ರಾನ್ನ ಸುರಿದವಳು. ಆ ಹೊತ್ತಿನಲ್ಲಿ ಮಂಡಿ ಸಾಹುಕಾರರ ಮನೆಯಲ್ಲೂ, ಪಕ್ಕದ ಗೌರಮ್ಮನವರ ಮನೆಯಲ್ಲೂ, ಅತ್ತ ಎರಡು ಬೀದಿಗಳಲ್ಲೂ ಇದೇ ಸಂಭ್ರಮ ನಡೆದಿರುತ್ತಿತ್ತು. ಊರಿನ ಪುಣ್ಯವೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋಗುತ್ತಿತ್ತು.

ಆ ವರ್ಷ ರಂಗಮ್ಮ ಎಂಬವಳು ಊಟಕ್ಕೆ ಬಂದಳು. ಮಂಡಿಯಲ್ಲಿ ಕೊಬ್ಬರಿ ಆರಿಸುವ ಹೆಂಗಸು, ಗಂಡ ತೀರಿಕೊಂಡಿದ್ದ. ಜೊತೆಯಲ್ಲಿ ಆರು ವರ್ಷದ ಮಗಳು ಕೆಂಪಿ. ಮಗಳಿಗೆ ತಿನ್ನಿಸಿ, ತಾನು ಎರಡು ತುತ್ತು ತಿಂದು, ಎಲೆಯಲ್ಲಿ ಉಳಿದಿದ್ದ ಅನ್ನವನ್ನೆಲ್ಲ ತಂದಿದ್ದ ಪಾತ್ರೆಗೆ ಬಗ್ಗಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅವ್ವಾರೇ, ಇವತ್ತು ಐದು ಮನೇಲಿ ಕರ್ದವ್ರೆ. ನೀವು ನಾಡಿದ್ದು ಹಾಕ್ಬಾರ್ದಾ?"

"ನಾಡಿದ್ದು ಏನೇ ಹಬ್ಬ?" ಎಂದೆ ನಾನು.

ಅವಳು ನಕ್ಕು, ಪಾತ್ರೆಗೆ ಸೆರಗು ಮುಚ್ಚಿಕೊಂಡು ಹೊರಟಳು. ಉಂಡ ಬಾಯಲ್ಲಿ ಇಂಥ ಮಾತೇ ಎಂದು ನನಗೆ ಸಂಜೆಯವರೆಗೂ ಮೈಯುರಿ.

ನಾಲ್ಕು ದಿನ ಕಳೆದು ತೆಂಗಿನಕಾಯಿಗೆಂದು ಮಂಡಿಗೆ ಹೊರಟಿದ್ದೆ. ಗೂಡ್ಸ್ ಶೆಡ್ಡಿನ ಹಿಂದೆ ಒಂದು ಗುಡಿಸಲ ಮುಂದೆ ರಂಗಮ್ಮ ಕಾಗೆ ಓಡಿಸುತ್ತ ಕೂತಿದ್ದಳು. ತಗಡಿನ ಮೇಲೆ ಬಿಳಿಯದೂ ಹಳದಿಯದೂ ಏನೋ ಒಣಗುತ್ತಿತ್ತು. ವೈಶಾಖದ ಬಿಸಿಲು, ನನ್ನ ಚಪಲ. "ಏನೇ, ಸಂಡಿಗೆ ಇಟ್ಟಿದ್ದೀಯಾ?" ಎನ್ನುತ್ತಲೇ ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡೆ. ಉಪ್ಪಿಲ್ಲ, ಖಾರವಿಲ್ಲ. ಮರಳು ಅಗಿದಂತಾಯಿತು.

"ಸಂಡಿಗೆ ಅಲ್ಲ ಕಣ್ರವ್ವ, ಅನ್ನ" ಎಂದಳು ರಂಗಮ್ಮ. "ಅವತ್ತು ಐದು ಮನೇಲಿ ಸಿಕ್ಕಿದ್ದು. ಒಗ್ಗರಣೆ ತೊಳ್ದು ಒಣಗಾಕಿವ್ನಿ. ಆಷಾಢದಾಗೆ ಕೊಬ್ರಿ ಒಣಗಲ್ಲ, ಮಂಡೀಲಿ ಕೂಲಿ ಇರಲ್ಲ. ಆವಾಗ ಬಿಸ್ನೀರಿಗೆ ಹಾಕಿದ್ರೆ ಅರಳ್ತದೆ. ಆ ಹಳದೀದು ನಿಮ್ದೇ. ಎಷ್ಟು ತೊಳ್ದ್ರೂ ಅರಿಸಿನ ಹೋಗ್ಲಿಲ್ಲ."

ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ನನ್ನ ಬಾಯಲ್ಲಿದ್ದದ್ದು ಕೆಂಪಿಯ ಆಷಾಢದ ತುತ್ತು. ನನ್ನ ಕೈಯ ಚಿತ್ರಾನ್ನವನ್ನು ಊರೆಲ್ಲ ಹೊಗಳಿದೆ, ಆದರೆ ಅದನ್ನು ಯಾರಾದರೂ ಎರಡು ತಿಂಗಳು ಕಾದಿಟ್ಟು ತಿನ್ನಬಹುದು ಎಂಬುದು ನನ್ನ ಕನಸಿನಲ್ಲೂ ಸುಳಿದಿರಲಿಲ್ಲ. ತೆಂಗಿನಕಾಯಿ ತರದೆ ಮನೆಗೆ ಬಂದೆ.

ಮನೆಗೆ ಬಂದವಳು ಗೋಡೆಯ ಪಂಚಾಂಗವನ್ನು ಕೆಳಗಿಳಿಸಿ ನೋಡಿದೆ. ಉಪವಾಸಕ್ಕೆ ಒಂದು ದಿನವಿದೆ, ಪಾರಣೆಗೆ ಒಂದು ದಿನವಿದೆ, ರಾಹುಕಾಲಕ್ಕೆ ದಿನಕ್ಕೆ ಒಂದೂವರೆ ಗಂಟೆ ಮೀಸಲಿದೆ. ಬರಿಯ ಹಸಿವಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅಜ್ಜಂಪುರದ ಅಕ್ಕನಿಗೆ ಈ ಸಂಗತಿ ಹೇಳಿದಾಗ ಅವಳು, "ನಮ್ಮ ಹಿಂದಿನ ಓಣೀಲೂ ತಗಡಿನ ಮೇಲೆ ಒಣಗ್ತಿರ್ತದೆ. ನಾನು ಕೋಳೀಗೆ ಅಂದ್ಕೊಂಡಿದ್ದೆ ಕಣೇ" ಎಂದಳು.

ಅಕ್ಕಿ ಅಳೆದ ಮೇಲೆ ನಾಲ್ಕು ಕಾಳನ್ನು ಮತ್ತೆ ಡಬ್ಬಕ್ಕೆ ಹಾಕುವ ಪದ್ಧತಿ ನಿಮ್ಮ ಮನೆಯಲ್ಲೂ ಇರಬಹುದು. ಡಬ್ಬ ಬರಿದಾಗದಿರಲಿ ಎಂದು. ನಾಲ್ಕು ಕಾಳಿನ ಬದಲು ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕೋಣ, ಮಂಗಳವಾರ ಮಂಗಳವಾರ ಗೂಡ್ಸ್ ಶೆಡ್ಡಿನ ಹಿಂದಿನ ಗುಡಿಸಲುಗಳಿಗೆ ಹಂಚೋಣ ಎಂದು ಕ್ವಾರ್ಟರ್ಸಿನ ಮನೆಮನೆಗೆ ಹೋಗಿ ಹೇಳಿದೆ. ಗೌರಮ್ಮನವರು ಮಾತ್ರ ಅನುಮಾನ ತೆಗೆದರು.

"ಬಸವ ಜಯಂತಿಗೆ ಕೊಟ್ರೆ ಪುಣ್ಯ ಬತ್ತದೆ. ಸುಮ್ನೆ ಮಂಗಳವಾರ ಕೊಟ್ರೆ ಏನ್ರೀ ಬತ್ತದೆ?"

"ಬುಧವಾರ ಬತ್ತದೆ ಕಣ್ರೀ" ಎಂದೆ. ಅವರು ಮುಖ ಗಂಟು ಹಾಕಿಕೊಂಡೇ ಹಿಡಿ ತುಂಬ ಅಕ್ಕಿ ತೆಗೆದರು.

ಶುರುವಿನಲ್ಲಿ ಡಬ್ಬಗಳು ತುಂಬಿದವು. ಆಷಾಢದ ಜಡಿಮಳೆ ಹಿಡಿದ ವಾರ, ಮಂಡಿ ಬಾಗಿಲು ಹಾಕಿತ್ತು, ತಗಡಿನ ಮೇಲೆ ಒಣಗಿಸಿದ ಅನ್ನ ಬಿಟ್ಟರೆ ಕೆಂಪಿಗೆ ಬೇರೆ ಗತಿಯಿರಲಿಲ್ಲ. ಮಂಗಳವಾರ ಬೆಳಿಗ್ಗೆ ನನ್ನ ಡಬ್ಬದ ಮುಚ್ಚಳ ತೆಗೆದರೆ ತಳ ಕಾಣುತ್ತಿತ್ತು. ನೆಂಟರು ಬಂದಿದ್ದರು, ಐದು ದಿನ ಮರೆತಿದ್ದೆ. ಊರಿಗೆಲ್ಲ ಉಪದೇಶ ಮಾಡಿದ ಹೆಂಗಸು. ಮನೆಯ ಡಬ್ಬದಿಂದ ಸುರಿದು, ಯಾರೂ ನೋಡಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ವರ್ಷವಿಡೀ ಒಂದು ಮಂಗಳವಾರವೂ ತಪ್ಪಲಿಲ್ಲ, ಗೌರಮ್ಮನವರ ಡಬ್ಬ ಎಲ್ಲರದಕ್ಕಿಂತ ಭಾರವಾಗಿರುತ್ತಿತ್ತು.

ಮತ್ತೆ ಬಸವ ಜಯಂತಿ ಬಂತು. ರಂಗಮ್ಮನೂ ಕೆಂಪಿಯೂ ಎಲೆಯ ಮುಂದೆ ಕೂತರು. ಸಾವಕಾಶವಾಗಿ ಉಂಡರು. ಏಳುವ ಹೊತ್ತಿಗೆ ನೋಡುತ್ತೇನೆ, ರಂಗಮ್ಮನ ಎಲೆಯಲ್ಲಿ ಅರ್ಧ ಹೋಳಿಗೆಯೂ ಒಂದಿಷ್ಟು ಚಿತ್ರಾನ್ನವೂ ಹಾಗೇ ಇವೆ.

"ಯಾಕೇ, ರುಚಿ ಇರಲಿಲ್ವಾ?"

"ಸಾಕಾಯ್ತು ಕಣ್ರವ್ವ" ಎಂದಳು ಕೈ ತೊಳೆಯುತ್ತ. "ನಾಳೀಕೂ ಐತಲ್ಲ."

ಎಲೆಯಲ್ಲಿ ಅಗುಳು ಬಿಟ್ಟ ಮಕ್ಕಳ ಕಿವಿ ಹಿಂಡಿ ಬೆಳೆಸಿದವಳು ನಾನು. ಆ ಎಲೆಯನ್ನು ಮಾತ್ರ ಮಡಿಸಲು ಮನಸ್ಸು ಬಾರದೆ ಬಹಳ ಹೊತ್ತು ನೋಡುತ್ತ ನಿಂತಿದ್ದೆ.