ರೇಣುಕಾ ಬರೆದುಕೊಟ್ಟ ಚೀಟಿ

ಸತ್ತವರು ಕರೆದರು, ದೂರದಲ್ಲಿದ್ದ ಮಗ ಕೂಗಿದ್ದು ತಾಯಿಗೆ ಕೇಳಿಸಿತು ಎಂಬ ಕಥೆಗಳನ್ನು ನೀವೂ ಕೇಳಿರುತ್ತೀರಿ. ನನಗೆ ಅಂಥ ಕಥೆ ಹೇಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ನಂಬದಿರಲು ನನಗಿದ್ದಷ್ಟು ಕಾರಣ ನಿಮಗಿರಲಿಕ್ಕಿಲ್ಲ. ಎರಡು ವರ್ಷ ನನ್ನ ಕಿವಿಯಲ್ಲೇ ಇಲ್ಲದವರ ದನಿಗಳಿದ್ದವು. ಬೀದರಿನ ನಮ್ಮ ಮನೆಯವರು ದರ್ಗಾ ಸುತ್ತಿಸಿದರು, ದೇವರು ಕೇಳಿಸಿದರು. ಹೋದದ್ದು ಮಾತ್ರೆಯಿಂದ. ಮಾತ್ರೆಗೆ ಹೋಗುವುದು ರೋಗ, ಮುಗಿಯಿತು ಮಾತು ಎಂದು ವಾದಿಸುತ್ತಿದ್ದೆ.

ಹೈದರಾಬಾದಿನ ಹಿಮಾಯತ್‌ನಗರದ ಗಲ್ಲಿಯೊಂದರಲ್ಲಿರುವ ಮನೋವೈದ್ಯ ಕೇಂದ್ರದಲ್ಲಿ ನಾನೂ ರೇಣುಕಾಳೂ ಕೆಲಸ ಮಾಡುತ್ತೇವೆ. ನಮ್ಮನ್ನು ‘ಸಾಥಿ’ ಎನ್ನುತ್ತಾರೆ. ತಾವೇ ಈ ರೋಗ ಉಂಡು ಎದ್ದವರು, ಈಗ ಬೇರೆ ರೋಗಿಗಳ ಬೆನ್ನಿಗೆ ನಿಲ್ಲುವವರು. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಡಾಕ್ಟರ ಮುಂದೆ ತೆಲುಗಿನಲ್ಲಿ ತಡವರಿಸುತ್ತಾರೆ, ನಮ್ಮ ಮುಂದೆ ಬಾಯಿ ಬಿಡುತ್ತಾರೆ.

ರೋಗ ತಿರುಗಿ ಬಂದರೆ ರೋಗಿಗೇ ಅದು ಗೊತ್ತಾಗುವುದು ಕಡೆಗೆ. ಅದಕ್ಕೆ ನಮ್ಮಲ್ಲೊಂದು ಪದ್ಧತಿ. ನಾನು ಹೀಗೆ ಮಾತಾಡಿದರೆ ಕಿವಿಗೆ ಹಾಕಿಕೊಳ್ಳಬೇಡ, ಡಾಕ್ಟರಿಗೆ ಹೇಳು ಎಂದು ಒಂದು ಚೀಟಿ ಬರೆದು ಜೊತೆಗಾರರ ಕೈಗೆ ಕೊಟ್ಟಿರಬೇಕು. ರೇಣುಕಾಳ ಚೀಟಿ ನನ್ನ ಪರ್ಸಿನಲ್ಲಿತ್ತು: ‘ಯಾರೋ ಕರ್ಯಾಕತ್ತಾರ ಅಂದ್ರ ನನ್ನ ನಂಬಬ್ಯಾಡ.’ ನನ್ನ ಚೀಟಿಯಲ್ಲೂ ಹೆಚ್ಚುಕಡಿಮೆ ಅದೇ ಸಾಲು. ಅದು ಅವಳ ಪರ್ಸಿನಲ್ಲಿ. ನನ್ನ ಜುಟ್ಟು ನಿನ್ನ ಕೈಯಾಗ, ನಿನ್ನ ಜುಟ್ಟು ನನ್ನ ಕೈಯಾಗ ಎಂದು ರೇಗಿಸುತ್ತಿದ್ದಳು.

ಮೂರು ವರ್ಷದ ಹಿಂದೆ, ಒಂದು ಬುಧವಾರ, ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದೆವು. ರೊಟ್ಟಿ ಮುರಿಯುತ್ತಿದ್ದ ರೇಣುಕಾ ಹಾಗೇ ಕೈ ನಿಲ್ಲಿಸಿದಳು.

“ಅಕ್ಕಾ, ಮಲ್ಲಪ್ಪ ಕರ್ಯಾಕತ್ತಾನ.”

ಮಲ್ಲಪ್ಪ ಯಾದಗಿರಿ ಕಡೆಯ ಗೌಂಡಿ, ಗಾರೆ ಕೆಲಸದವನು, ನಮ್ಮ ರೋಗಿ. ಗುಣವಾಗಿ ಹದಿನೈದು ದಿನವಾಗಿತ್ತು, ಶಂಶಾಬಾದಿನ ಹತ್ತಿರ ಏಳುತ್ತಿದ್ದ ಕಟ್ಟಡಕ್ಕೆ ಮತ್ತೆ ಕೆಲಸಕ್ಕೆ ಹೋಗಿದ್ದ. ಶುಕ್ರವಾರ ಶುಕ್ರವಾರ ರೇಣುಕಾ ಹೋಗಿ ನೋಡಿಕೊಂಡು ಬರುತ್ತಿದ್ದಳು.

ಮಾತ್ರೆ ತಗೊಂಡಿದ್ದೀಯಾ, ನಿದ್ದೆ ಹೇಗಿದೆ ಎಂದು ವಿಚಾರಿಸಿದೆ. ಮಾತ್ರೆ ತಪ್ಪಿಸಿರಲಿಲ್ಲ. ಮಗಳಿಗೆ ಜ್ವರವೆಂದು ಎರಡು ರಾತ್ರಿ ನಿದ್ದೆಗೆಟ್ಟಿದ್ದಳು. ನನಗೆ ಅಷ್ಟು ಸಾಕಾಯಿತು. ಚೀಟಿ ತೆಗೆದು ಅವಳ ಡಬ್ಬಿಯ ಪಕ್ಕ ಇಟ್ಟೆ. ಅವಳು ಅದನ್ನು ನಿಧಾನ ಓದಿದಳು.

“ಬರದಾಕಿ ನಾನ, ಇಲ್ಲ ಅನ್ನಂಗಿಲ್ಲ. ಆದ್ರ ರೋಗದಾಗಿನ ದನಿಗೋಳು ನನ್ನ ಬೈತಿದ್ವು, ಅಕ್ಕಾ. ಇಂವ ನೀರು ಕೇಳಾಕತ್ತಾನ. ಈಗ ಹೋದ್ರ ಜೀವಂತ ಸಿಗತಾನ.”

ಅವಳ ಸಮಾಧಾನಕ್ಕೆ ಮಲ್ಲಪ್ಪನಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮೇಸ್ತ್ರಿಗೆ ಹಚ್ಚಿದೆ. ಉಂಡು ಎಲ್ಲೋ ಒರಗಿರುತ್ತಾನೆ ಬಿಡಮ್ಮಾ ಎಂದು ತೆಲುಗಿನಲ್ಲಿ ಗದರಿ ಇಟ್ಟುಬಿಟ್ಟ. ಹಿಂದೆ ಸಿಮೆಂಟು ಮಿಕ್ಸರಿನ ಗದ್ದಲವಿತ್ತು, ಅದೂ ನಿಂತಿತು. ಫೋನು ಇನ್ನೂ ನನ್ನ ಕಿವಿಯಲ್ಲೇ ಇತ್ತು. ಆಗ ಕೇಳಿಸಿತು.

“ಅಕ್ಕಾ, ನೀರು.”

ಮಲ್ಲಪ್ಪನ ದನಿ, ಗಂಟಲು ಒಣಗಿದಂತೆ. ಫೋನು ತೆಗೆದು ನೋಡಿದರೆ ಕರೆ ಆಗಲೇ ಕಡಿದುಹೋಗಿದೆ.

ಆರು ವರ್ಷ ಏನೂ ಕೇಳಿಸದಿದ್ದ ಕಿವಿ ನನ್ನದು. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ. ನಿಜ ಹೇಳುತ್ತೇನೆ, ಆಗ ನಾನು ಮಲ್ಲಪ್ಪನ ಬಗ್ಗೆ ಯೋಚಿಸಲೇ ಇಲ್ಲ. ನನ್ನ ಕೆಲಸ ಹೋಗುತ್ತದೆ, ಮತ್ತೆ ಆ ವಾರ್ಡು, ಆ ಹಾಸಿಗೆ ಎಂದು ಯೋಚಿಸಿದೆ. ರೇಣುಕಾಳ ಪರ್ಸಿನಲ್ಲಿದ್ದ ನನ್ನ ಚೀಟಿ ನೆನಪಾಯಿತು. ನೇರ ಡಾಕ್ಟರ ಕೋಣೆಗೆ ಹೋಗಿ ರೇಣುಕಾಳಿಗೆ ದನಿ ತಿರುಗಿ ಬಂದಿದೆ ಎಂದೆ. ನೀವು ಹೇಗಿದ್ದೀರಿ ಎಂದು ಅವರು ದಿನವೂ ಕೇಳುವಂತೆ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಇವತ್ತಂತೂ ಭಾಳ ಚೆನ್ನಾಗಿದ್ದೇನೆ ಎಂದು ಒತ್ತಿ ಹೇಳಿದೆ.

ಗಂಡ ಬಂದು ರೇಣುಕಾಳನ್ನು ಮನೆಗೆ ಕರೆದೊಯ್ದ. ಆಟೋ ಹತ್ತುವಾಗ ಅವಳು ನನ್ನ ಕೈ ಹಿಡಿದುಕೊಂಡು, “ನೀ ಆದ್ರೂ ಹೋಗಿ ನೋಡು” ಎಂದಳು. ಆಯ್ತು ಎಂದೆ. ಹೋಗಲಿಲ್ಲ.

ಸಂಜೆ ಮೇಸ್ತ್ರಿಯೇ ಫೋನು ಮಾಡಿದ. ಕಟ್ಟಡದ ಹಿಂಬದಿಯಲ್ಲಿ ಲಿಫ್ಟಿಗೆಂದು ತೆಗೆದಿದ್ದ ಗುಂಡಿಯಲ್ಲಿ ಮಲ್ಲಪ್ಪ ಸಿಕ್ಕಿದ್ದ. ಊಟಕ್ಕೆ ಮೊದಲೇ ಕಾಲುಜಾರಿ ಬಿದ್ದಿರಬೇಕು, ಮಿಕ್ಸರಿನ ಸದ್ದಿಗೆ ಕೂಗು ಯಾರಿಗೂ ಕೇಳಿಸಿಲ್ಲ. ಬಿದ್ದ ಮೇಲೂ ಮೂರು ನಾಲ್ಕು ತಾಸು ಜೀವವಿತ್ತು ಎಂದು ಆಸ್ಪತ್ರೆಯವರು ಹೇಳಿದರು. ನಮ್ಮ ಕೇಂದ್ರದಿಂದ ಅಲ್ಲಿಗೆ ಬಸ್ಸಿನಲ್ಲಿ ಹೋದರೂ ಒಂದೂವರೆ ತಾಸು.

ಡಾಕ್ಟರು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದರು. ರೇಣುಕಾ ಹಿಂದಿನ ಶುಕ್ರವಾರ ಆ ಗುಂಡಿ ನೋಡಿರಬಹುದು, ನಿದ್ದೆಯಿಲ್ಲದ ತಲೆ ಮಿಕ್ಕಿದ್ದು ಕಟ್ಟಿಕೊಂಡಿರಬಹುದು. ಅವಳು ನೀರು ಅಂದದ್ದಕ್ಕೇ ನನಗೂ ನೀರು ಎಂದು ಕೇಳಿಸಿರಬಹುದು. ಇದೆಲ್ಲ ನನಗೂ ಗೊತ್ತು, ರೋಗಿಗಳಿಗೆ ನಾನೇ ಹೇಳಿಕೊಡುವ ಪಾಠ. ಆದರೂ ಒಂದೇ ಊಟದ ಹೊತ್ತಿಗೆ ಇಬ್ಬರ ಕಿವಿ ಕೆಟ್ಟು, ಅದೇ ಹೊತ್ತಿಗೆ ಅಲ್ಲೊಬ್ಬ ನೀರಿಲ್ಲದೆ ಬಿದ್ದಿದ್ದನಲ್ಲ, ಅದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಆ ದಿನದ ನಂತರ ನನಗೆ ಯಾವ ದನಿಯೂ ಕೇಳಿಸಿಲ್ಲ.

ರೇಣುಕಾಳ ಮಾತ್ರೆ ಹೆಚ್ಚಿಸಿ, ಮೂರು ತಿಂಗಳು ಹೊರಗಿನ ಕೆಲಸ ನಿಲ್ಲಿಸಿದರು. ಮನೆಯಿಂದ ಕೇಂದ್ರಕ್ಕೆ ತಿರುಗಿ ಬಂದ ದಿನ ಅವಳು ನನ್ನನ್ನು ಒಂದೇ ಮಾತು ಕೇಳಿದಳು.

“ಅವತ್ತ ನಿನಗೇನರೆ ಕೇಳಿಸಿತ್ತೇನು ಅಕ್ಕಾ?”

ಇಲ್ಲ ಎಂದೆ. ಹಂಗಾದ್ರ ನನ್ನ ತಲೀನ ಕೆಟ್ಟಿತ್ತು ಬಿಡು ಎಂದು ಹೋಗಿ, ನೀರು ತುಂಬಿಕೊಂಡು, ಮಧ್ಯಾಹ್ನದ ಮಾತ್ರೆ ನುಂಗಿದಳು. ಆ ಹೆಚ್ಚಿನ ಮಾತ್ರೆ ಈಗಲೂ ನಡೆದಿದೆ. ನನ್ನ ಚೀಟಿ ಇನ್ನೂ ಅವಳ ಪರ್ಸಿನಲ್ಲೇ ಇದೆ.