ನೆಲಮಾಳಿಗೆಯ ಹೊಲಿಗೆಯವಳು

ನೆಲದಡಿ ಇರುವುದೆಲ್ಲ ಗಿಡದ ಬೇರು ಆಗುವುದಿಲ್ಲ. ಇಲಿಯ ಬಿಲವೂ ನೆಲದಡಿಯೇ ಇರುತ್ತದೆ. ಹುಡುಗರ ಆ ನೆಲಮಾಳಿಗೆಯನ್ನು ನೋಡಿದಾಗ ಬಣ್ಣದಕ್ಕನಿಗೆ ಅನಿಸಿದ್ದು ಇಷ್ಟೇ.

ಬಣ್ಣದಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಅವಳ ಗಂಡ ಬೋರ್ಡ್ ಬರೆಯುವವನು. ಇಪ್ಪತ್ತೆರಡು ವರ್ಷ ಅವನ ಏಣಿ ಹಿಡಿದಳು, ಡಬ್ಬ ಕಲಕಿದಳು, ಸೀಮೆಸುಣ್ಣ ಹಚ್ಚಿದ ದಾರದ ಒಂದು ತುದಿ ಹಿಡಿದು ನಿಂತಳು. ಇನ್ನೊಂದು ತುದಿ ಹಿಡಿದು ಅವನು ದಾರ ಚಿಮ್ಮಿದರೆ ಗೋಡೆಯ ಮೇಲೆ ನೇರ ಗೆರೆ ಬೀಳುತ್ತಿತ್ತು. ಶಾಲೆ ನಾಲ್ಕನೇ ತರಗತಿಗೇ ಮುಗಿದಿತ್ತು. ಅಕ್ಷರ ದುಂಡಗೆ ಬಂದದ್ದು ಆ ಗೆರೆಯ ಮೇಲೆ.

ಆಮೇಲೆ ಫ್ಲೆಕ್ಸ್ ಬಂತು. ಅವನು ಬರೆದ ಬೋರ್ಡುಗಳು ಒಂದೊಂದಾಗಿ ಗುಜರಿಗೆ ಹೋದವು. ಹೋದ ವರ್ಷ ಅವನೂ ಹೋದ. ಶ್ವಾಸಕೋಶದಲ್ಲಿ ಬಣ್ಣ ಕೂತಿದೆ ಎಂದರು ಡಾಕ್ಟರು. ಯಾವ ಬಣ್ಣ ಎಂದು ಇವಳು ಕೇಳಲಿಲ್ಲ.

ಒಂದು ತಿಂಗಳು ಡಬ್ಬಗಳನ್ನೇ ನೋಡುತ್ತ ಕೂತಳು. ಅತ್ತೆಗೆ ಸಾಕಾಯಿತು.

"ಅಳೋದಾದ್ರೆ ಕೆಲಸ ಮಾಡ್ತಾ ಅಳೇ. ನೀನು ಒಣಗಿದ್ದು ಸಾಲ್ದು ಅಂತ ಬಣ್ಣಾನೂ ಒಣಗಿಸ್ತಿದೀಯ."

ಕ್ಷೌರದಂಗಡಿಯ ಶಟರ್ ಮೇಲೆ ಅವಳು ತನ್ನ ಮೊದಲ ಚಿತ್ರ ಬರೆದಳು. ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆಹೋದ ಗಂಡಸು, ಅರ್ಧ ಮೀಸೆ. ಜನ ನಿಂತು ನಕ್ಕರು, ಫೋಟೊ ಹಿಡಿದರು. ಆ ಫೋಟೊ ಹರಿದಾಡಿ ಗುಂಗುರನ ಫೋನಿಗೆ ಬಂತು.

ಗುಂಗುರ ಡ್ರಮ್ ಬಾರಿಸುವವನು. ತಲೆತುಂಬ ಗುಂಗುರು ಕೂದಲು. ಹಳೇ ಕಟ್ಟಡದ ನೆಲಮಾಳಿಗೆ ಹಿಡಿದು, ಹಾಡುವವರನ್ನೂ ಗೋಡೆಗೆ ಬಣ್ಣ ಎರಚುವವರನ್ನೂ ಸೇರಿಸಿಕೊಂಡಿದ್ದ. ಮನೆಗೇ ಬಂದ.

"ನಮ್ದು ಈ ಸಿಟಿಯ ಅಡಗಿರೋ ಕಲೆ, ಆಂಟಿ."

"ಅಡಗಿರೋದ್ಯಾಕೆ? ಯಾರಾದ್ರೂ ಹುಡುಕ್ತಿದಾರಾ?"

ಅವನಿಗೆ ನಗು ಬರಲಿಲ್ಲ. ಭಾನುವಾರ ಸಂಜೆ ನಾಲ್ಕಕ್ಕೆ ದೊಡ್ಡ ಪ್ರದರ್ಶನ, ಒಂದು ಗೋಡೆ ನಿಮಗೆ, ಬೇಕಾದ್ದು ಬರೆಯಿರಿ ಎಂದ. ಒಪ್ಪಿದಳು. ಹೊಸಬರಿಗೆ ಗೋಡೆ ಯಾರು ಕೊಡುತ್ತಾರೆ?

ಮೆಟ್ಟಿಲು ಇಳಿಯುವಾಗಲೇ ಅವಳ ಕಾಲಿಗೆ ಜಾಗದ ಗುರುತು ಸಿಕ್ಕಿತು. ಹದಿನೈದು ವರ್ಷದ ಹಿಂದೆ ಇಲ್ಲಿ ಹೊಲಿಗೆ ಯಂತ್ರ ಮಾರುತ್ತಿದ್ದರು. ಎದುರಿನ ಗೋಡೆಯ ತುಂಬ, ಯಂತ್ರದ ಮುಂದೆ ಕೂತ ಹೆಂಗಸನ್ನು ಬರೆದಿದ್ದ ಗಂಡ. ಇವಳನ್ನೇ ಅಡುಗೆಮನೆಯಿಂದ ತಂದ ಸ್ಟೂಲಿನ ಮೇಲೆ ಕೂರಿಸಿ, "ಕತ್ತು ಬಗ್ಗಿಸು, ಬಾಯಿ ಮುಚ್ಚು" ಎಂದು ಬೈದು, ನೋಡಿ ಬರೆದದ್ದು. ಅವನ ಕೈಯ ಕೆಲಸ ಊರಿನಲ್ಲಿ ಬೇರೆಲ್ಲೂ ಉಳಿದಿರಲಿಲ್ಲ.

ಈಗ ಆ ಗೋಡೆಯ ಮೇಲೆ ತಲೆಬುರುಡೆಗಳು, ಬೆಂಕಿ, ಒಂದು ಮುರಿದ ಕೈಕೋಳ. ನಡುವೆ, ಮೇಲ್ಗಡೆ, ಎಮ್ಮೆಯಷ್ಟು ದೊಡ್ಡ ಸ್ಪೀಕರು.

"ಈ ಗೋಡೆ ನನಗೆ ಕೊಡು" ಎಂದಳು.

"ಅದು ಸಂಸ್ಥಾಪಕರ ಗೋಡೆ, ಆಂಟಿ. ಮುಟ್ಟೋ ಹಾಗಿಲ್ಲ."

"ಯಾರಪ್ಪ ಸಂಸ್ಥಾಪಕರು?"

"ನಾನೇ."

ಮೂರು ದಿನ ಅಲ್ಲಿ ಕೂತು ನೋಡಿದಳು. ಅವಳಿಗೆ ಕೊಟ್ಟ ಗೋಡೆ ಖಾಲಿಯಾಗಿಯೇ ಇತ್ತು. ಗೋಡೆ ಕಂಡ ಕೂಡಲೇ ಬಳಿಯುವುದು, ಕೆಳಗೇನಿದೆ ಎಂದು ನೋಡದಿರುವುದು. ಅದಕ್ಕೆ ಇವರು ಧೈರ್ಯ ಎನ್ನುತ್ತಾರೆ. ಅಪ್ಪನ ಕಾರಿನಲ್ಲಿ ಬಂದು ಹಸಿವಿನ ಹಾಡು ಹಾಡುತ್ತಾರೆ. ಸಿಟ್ಟನ್ನೂ ಬಾಡಿಗೆಗೆ ತಂದವರ ಹಾಗೆ ಆರು ಗಂಟೆಗೆ ಮಡಚಿಟ್ಟು ಮನೆಗೆ ಹೋಗುತ್ತಾರೆ. ಗದ್ದಲ ಮಾಡುವುದು ಎಲ್ಲರಿಗೂ ಬರುತ್ತದೆ. ತಗಡಿನ ಮೇಲೆ ಬಿದ್ದ ಬೆಕ್ಕಿಗೂ ಬರುತ್ತದೆ.

ಒಬ್ಬಳು ಮಾತ್ರ ಬೇರೆ. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೆಲಸದವಳು, ಕೈ ಬೆಳ್ಳಗೆ ಸುಕ್ಕುಗಟ್ಟಿತ್ತು. ಅವಳು ಹಾಡಿದರೆ ಗಂಟಲು ಒಡೆಯುತ್ತಿತ್ತು. ಒಡೆದದ್ದನ್ನು ಮುಚ್ಚಿಕೊಳ್ಳುತ್ತಿರಲಿಲ್ಲ. ಬಣ್ಣದಕ್ಕ ಅವಳ ಕಡೆ ನೋಡದೆ ಕೇಳುತ್ತಿದ್ದಳು.

ಭಾನುವಾರ ಮಧ್ಯಾಹ್ನ ಬೇಗ ಬಂದಳು. ಯಾರೂ ಇರಲಿಲ್ಲ. ಸಂಸ್ಥಾಪಕರ ಗೋಡೆಯ ಬುಡದಲ್ಲಿ ಉಗುರು ಹಾಕಿದಳು. ಅಂಗೈಯಗಲದ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಎಣ್ಣೆ ಬಣ್ಣದ ಮೇಲೆ ನೀರು ಬಣ್ಣ ಹಚ್ಚುವ ಮುಂಚೆ ಉಪ್ಪು ಕಾಗದ ಹಾಕಿ ಉಜ್ಜಬೇಕು. ಬಣ್ಣದವರ ಮನೆಯ ತೊಟ್ಟಿಲ ಕೂಸಿಗೂ ಅದು ಗೊತ್ತು. ಸಂಸ್ಥಾಪಕರಿಗೆ ಗೊತ್ತಿರಲಿಲ್ಲ.

ಬಕೆಟ್ಟಿನಲ್ಲಿ ನೀರು ತಂದಳು. ಗೋಣಿ ಒದ್ದೆಮಾಡಿ ಒತ್ತಿದಳು, ಕೆರೆಯುವ ತಗಡು ಹಿಡಿದಳು. ಮೊದಲು ಕಂಡದ್ದು ಪಾದ. ಎಣಿಸಿದಳು. ಆರು ಬೆರಳು. ಗಂಡ ಅಕ್ಷರದಲ್ಲಿ ರಾಜ, ಕಾಲು ಬರೆಯಲು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಅವಳು ಒಬ್ಬಳೇ ಜೋರಾಗಿ ನಕ್ಕಳು. ಆಮೇಲೆ ನಗು ಕೆಟ್ಟಿತು. ಕೆರೆಯುವುದನ್ನು ನಿಲ್ಲಿಸಲಿಲ್ಲ.

ಸೀರೆಯ ಅಂಚು ಬಂತು, ಯಂತ್ರ ಬಂತು, ಬಟ್ಟೆ ನೂಕುವ ಎರಡು ಕೈ ಬಂದವು.

"ಆಂಟೀ! ತಲೆ ಕೆಟ್ಟಿದೆಯಾ ನಿಮಗೆ?" ಮೆಟ್ಟಿಲ ಮೇಲಿಂದ ಗುಂಗುರ ಕಿರುಚಿದ. ಅವನ ಹಿಂದೆ ಜನ ಇಳಿದರು. ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು, ಫೋನುಗಳು ಎದ್ದವು. ಗುಂಗುರನ ಮುಖ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಯಿತು.

"ಇದು ನಮ್ಮ ಇವತ್ತಿನ ಮೊದಲನೇ ಕಾರ್ಯಕ್ರಮ" ಎಂದ ಜನರಿಗೆ.

"ಮುಚ್ಚೋ ಬಾಯಿ" ಎಂದಳು ಬಣ್ಣದಕ್ಕ. "ಇದು ನನ್ನ ಗಂಡನ ಕೆಲಸ. ಅದರ ಮೇಲೆ ಬಳಿದಿದ್ದೀಯ, ಅದೂ ಬಳಿಯೋಕೆ ಬರದೆ."

"ಇಲ್ಲಿ ಯಾವ ಗೋಡೆನೂ ಯಾರದ್ದೂ ಅಲ್ಲ, ಆಂಟಿ. ಅದೇ ನಮ್ಮ ನಿಯಮ."

"ಮತ್ತೆ ನಾನು ಕೆರೆದ್ರೆ ಯಾಕೆ ಬಾಯಿ ಬಡ್ಕೊಂಡೆ?"

ಒಗೆಯುವವಳು ಕಿಸಕ್ಕನೆ ನಕ್ಕಳು.

"ಸ್ಪೀಕರ್ ಇಳಿಸು" ಎಂದಳು ಬಣ್ಣದಕ್ಕ. "ಅದರ ಹಿಂದೆ ಮುಖ ಇದೆ."

"ಅದಿಲ್ಲದೆ ಹಾಡು ಕೇಳ್ಸಲ್ಲ!"

"ನಂದು ಕೇಳ್ಸುತ್ತೆ" ಎಂದು ಒಗೆಯುವವಳು ಸ್ಪ್ಯಾನರ್ ಎತ್ತಿಕೊಂಡು ಏಣಿ ಹತ್ತಿದಳು.

ಸ್ಪೀಕರ್ ಇಳಿಯಿತು, ಅದನ್ನು ಹೊತ್ತ ಕಬ್ಬಿಣದ ಪಟ್ಟಿಯೂ ಇಳಿಯಿತು. ಹಿಂದೆ ಮುಖವಿರಲಿಲ್ಲ. ನಾಲ್ಕು ದೊಡ್ಡ ತೂತು, ಸುತ್ತ ಉದುರಿದ ಗಾರೆ. ಒಂದು ಕಿವಿ, ಬೈತಲೆಯ ಗೆರೆ, ಗಲ್ಲದ ತುದಿ. ಗಂಡ ಅವಳನ್ನು ನೋಡಿ ಬರೆದ ಮುಖದಲ್ಲಿ ಅಷ್ಟೇ ಉಳಿದಿತ್ತು.

ಚಪ್ಪಾಳೆ ನಿಂತಿತು. ಗುಂಗುರನ ದನಿ ತಗ್ಗಿತು.

"ನೀವೇ ತುಂಬಿಬಿಡಿ, ಅಕ್ಕ. ನಿಮ್ಮದೇ ಮುಖ ಅಲ್ವಾ."

"ಮುಖ ನಂದು. ನೋಡಿದ ಕಣ್ಣು ನಂದಲ್ಲ. ಅದನ್ನ ಎಲ್ಲಿಂದ ತರ್ಲಿ, ನಿಮ್ಮಪ್ಪನ ಕಾರಿನಲ್ಲಾ?"



ಅವಳು ಬಕೆಟ್ಟಿನ ನೀರು ಚೆಲ್ಲಿ, ಅದನ್ನು ಬೋರಲು ಹಾಕಿ, ಎಲ್ಲರಿಗೂ ಬೆನ್ನುಮಾಡಿ ಗೋಡೆಯ ಮುಂದೆ ಅದರ ಮೇಲೆ ಕೂತಳು. ಒಗೆಯುವವಳು ಮೈಕಿಲ್ಲದೆ ಹಾಡತೊಡಗಿದಳು. ಹಿಂದಿನಿಂದ ಯಾವನೋ ಕೂಗಿದ.

"ಆಂಟಿ, ಸ್ವಲ್ಪ ಸರೀತೀರಾ? ಫೋಟೊಗೆ ಅಡ್ಡ ಬರ್ತಿದೀರ."

"ಸರಿಯೋಲ್ಲ" ಎಂದಳು ಬಣ್ಣದಕ್ಕ. ತಿರುಗಿಯೂ ನೋಡಲಿಲ್ಲ.