ಗಬ್ಬದ ಹಸುವಿನ ಹುರುಳಿ

ಇಟ್ಟಮಡುವಿನ ಮುನಿವೆಂಕಟಮ್ಮ ಕೆಟ್ಟವಳೆಂದು ಯಾರಾದರೂ ಅಂದರೆ ಅವರ ಬಾಯಿಗೆ ಮಣ್ಣು ಹಾಕಬೇಕು. ಸೊಸೆ ಬೈರಮ್ಮ ಬಸುರಿಯಾದಾಗ ಅವಳ ಊಟಕ್ಕೆ ಕತ್ತರಿ ಹಾಕಿದ್ದೂ ಪ್ರೀತಿಯಿಂದಲೇ. ಬಸುರಿ ಹೊಟ್ಟೆ ತುಂಬ ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಅನ್ನುವುದು ಆ ಮನೆಯ ನಂಬಿಕೆ. ಮುನಿವೆಂಕಟಮ್ಮನ ತಂಗಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಆ ಭಯ ಇವಳ ಎದೆಯಿಂದ ಇಳಿದಿರಲೇ ಇಲ್ಲ.

ಹಾಗೆ ತಾಯಿಯ ಅರೆಹೊಟ್ಟೆಯಲ್ಲಿ ಬೆಳೆದು ಹುಟ್ಟಿದವಳು ಮೊದಲ ಮೊಮ್ಮಗಳು ನಂಜಿ. ಅಂಗೈಯಗಲದ ಕೂಸು. ಹೆರಿಗೆ ಹೂವೆತ್ತಿದಷ್ಟು ಸಲೀಸಾಯಿತೆಂದು ಅಜ್ಜಿ ಬೀಗಿದ್ದೇ ಬೀಗಿದ್ದು. ಆಮೇಲೆ ಹಾಲು, ಬೆಣ್ಣೆ ಎಷ್ಟು ಸುರಿದರೂ ನಂಜಿಗೆ ಮೈ ಹತ್ತಲಿಲ್ಲ. ನಡೆದದ್ದು ತಡ, ಮಾತು ತಡ. ಐದು ತುಂಬಿದರೂ ಮೂರು ವರ್ಷದ ಮಗುವಿನಂತಿದ್ದಳು. ದೃಷ್ಟಿಯೆಂದು ಅಜ್ಜಿ ಒಲೆಗೆ ಮೆಣಸಿನಕಾಯಿ ಹಾಕುತ್ತಲೇ ಇದ್ದಳು.

ಐವತ್ತೆಂಟನೇ ಇಸವಿಯಲ್ಲಿ ಬೈರಮ್ಮ ಮತ್ತೆ ಬಸುರಿ. ಕೊಟ್ಟಿಗೆಯ ಹಸುವೂ ಗಬ್ಬ. ಒಂದು ಬೆಳಗ್ಗೆ, ಹಸುವಿಗೆಂದು ಬೇಯಿಸಿಟ್ಟ ಹುರುಳಿಯನ್ನು ಸೊಸೆ ಕದ್ದು ಗಬಗಬನೆ ತಿನ್ನುತ್ತಿದ್ದುದು ಮುನಿವೆಂಕಟಮ್ಮನ ಕಣ್ಣಿಗೆ ಬಿತ್ತು.

“ಥೂ, ಹಸೀನ ಬಾಯಿಂದ ಕಿತ್ಕೊಂಡ್ ತಿಂತೀಯಲ್ಲೇ! ಅದರ ಹೊಟ್ಟೇಲಿ ಕರ ಐತೆ. ಈಗ ಮೇವು ಸಾಲ್ದಿದ್ರೆ ಪೀಚಲು ಕರ ಹುಟ್ತದೆ, ಆಮ್ಯಾಕೆ ಏನ್ ಹಾಕುದ್ರೂ ಏಳಾಕಿಲ್ಲ!”

ಬೈರಮ್ಮ ತಲೆಯೆತ್ತಲಿಲ್ಲ. “ಹಸಿವು, ತಡ್ಯಾಕಾಗ್ನಿಲ್ಲ ಅತ್ತೆ,” ಅಂದಳು.

ಮುನಿವೆಂಕಟಮ್ಮ ನಿಂತಲ್ಲೇ ನಿಂತಳು. ಬಾಗಿಲಲ್ಲಿ ನಂಜಿ, ಹಿಡಿಯಷ್ಟು ಮೈ, ಪಿಳಿಪಿಳಿ ನೋಡುತ್ತಿದ್ದಳು. ಅಯ್ಯೋ ಶಿವನೇ! ಕರುವಿನ ವಿಷಯ ಇಷ್ಟು ಬಲ್ಲವಳಿಗೆ ಕೂಸಿನ ವಿಷಯ ಹೊಳೆಯದೆ ಹೋಯಿತಲ್ಲ!

ಅಂದು ಅವಳೇ ದೊಡ್ಡ ಮುದ್ದೆ ಕಟ್ಟಿ, ಸೊಪ್ಪಿನ ಸಾರು ಹುಯ್ದು, “ಉಣ್ಣು ನನ್ನವ್ವ” ಎಂದು ಸೊಸೆಯ ಮುಂದೆ ಕೂತಳು. ಹೆರಿಗೆಯವರೆಗೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು, ತಂಗಿಯ ಮುಖ ಕಣ್ಣಮುಂದೆ. ಆದರೂ ಮುದ್ದೆ ಚಿಕ್ಕದು ಮಾಡಲಿಲ್ಲ. ಬೋರ ಹುಟ್ಟಿದ, ಗುಂಡುಕಲ್ಲಿನ ಹಾಗೆ. ತಾಯಿಯೂ ಬದುಕಿದಳು.

ಅದೇ ಅಪ್ಪ, ಅದೇ ಅವ್ವ, ಅದೇ ಹಾಲು. ಆದರೂ ಹತ್ತು ವರ್ಷಕ್ಕೆಲ್ಲ ಬೋರ ಅಕ್ಕನಿಗಿಂತ ಎತ್ತರವಾಗಿಬಿಟ್ಟ. ಕಣ್ಣಿಗೆ ಕಾಣದ ಆ ಬಸಿರ ಕತ್ತಲಲ್ಲಿ ಸಿಕ್ಕ ತುತ್ತು, ಸಿಗದ ತುತ್ತು, ಇಷ್ಟು ವರ್ಷ ಮೈಯಲ್ಲಿ ಉಳಿಯುತ್ತದೆಯೇ? ಇಬ್ಬರನ್ನೂ ಒಟ್ಟಿಗೆ ನೋಡಿದಾಗೆಲ್ಲ ಮುನಿವೆಂಕಟಮ್ಮ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಒಂದು ದಿನ ನಂಜಿ, “ಆ ಮಡಕೆ ಎಟುಕ್ತಿಲ್ಲ, ತೆಕ್ಕೊಡೋ ಬೋರ,” ಅಂದಳು. ಅಜ್ಜಿ ಎದ್ದು, ಹಲಗೆಯ ಮೇಲಿದ್ದ ಮಡಕೆಗಳನ್ನೆಲ್ಲ ಒಂದೊಂದಾಗಿ ಇಳಿಸಿ, ನಂಜಿಯ ಕೈಗೆ ಸಿಗುವ ಹಾಗೆ ನೆಲದ ಮೇಲೆ ಜೋಡಿಸಿದಳು.